ಲೈಸೆನ್ಸ್ ಕೈಗೆ ಬರುವ ಮುನ್ನ

ಪ್ರಿಯ ತಂಗಿ,

ಉಡುಪಿ ಕುಂಜಿಬೆಟ್ಟಿನ ಕಾನೂನು ಕಾಲೇಜಿನಲ್ಲಿ ಓದಿ, ಎರಡು ವರ್ಷ ಸೀನಿಯರ್ ಒಬ್ಬರ ಕೈಕೆಳಗೆ ದುಡಿದ ನೀವು, ಟೊರೊಂಟೊಗೆ ಬಂದ ಮೇಲೆ ಪ್ಯಾರಾಲೀಗಲ್ (ವಕೀಲರಲ್ಲದಿದ್ದರೂ ಕೆಲವು ಬಗೆಯ ಮೊಕದ್ದಮೆಗಳನ್ನು ನಡೆಸಬಲ್ಲವರು) ಕೋರ್ಸ್ ಸೇರಬೇಕೇ, ವಕೀಲರ ಪರೀಕ್ಷೆಯನ್ನೇ ಬರೆಯಬೇಕೇ ಎಂದು ಕೇಳಿದ್ದೀರಿ. ಚಳಿ ಮತ್ತು ಬಾಡಿಗೆಯ ಬಗ್ಗೆಯೂ ಕೇಳಿದ್ದೀರಿ. ಎರಡೂ ಹೆಚ್ಚು, ಎರಡೂ ಅಭ್ಯಾಸವಾಗುತ್ತವೆ.

2009ರಲ್ಲಿ ಮಂಗಳೂರಿನಿಂದ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಕರಿ ಕೋಟು, ಬಿಳಿ ಬ್ಯಾಂಡ್ ಇದ್ದವು. ವಕೀಲೆಯಾಗಿ ಇಲ್ಲಿನ ಕೋರ್ಟಿನಲ್ಲಿ ನಿಲ್ಲಲು ಏಳು ವರ್ಷ ಹಿಡಿಯಿತು. ಆದರೂ ಪರೀಕ್ಷೆಯನ್ನೇ ಬರೆಯಿರಿ ಎನ್ನುತ್ತೇನೆ. ನಮ್ಮ ಪದವಿಯನ್ನು ಎನ್‌ಸಿಎ ಎಂಬ ಸಮಿತಿ ಪರಿಶೀಲಿಸಿ, ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು ಮೊದಲಾದ, ನಾವು ಪಾಸಾಗಬೇಕಾದ ವಿಷಯಗಳನ್ನು ಗೊತ್ತುಪಡಿಸುತ್ತದೆ. ಬಳಿಕ, ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಕೊಡುವ ಲಾ ಸೊಸೈಟಿಯ ಬ್ಯಾರಿಸ್ಟರ್, ಸಾಲಿಸಿಟರ್ ಪರೀಕ್ಷೆಗಳಿವೆ. ಪ್ಯಾರಾಲೀಗಲ್ ವೃತ್ತಿಯೂ ಕಡಿಮೆಯದಲ್ಲ. 2007ರಿಂದ ಅದಕ್ಕೂ ಲೈಸೆನ್ಸ್ ವ್ಯವಸ್ಥೆಯಿದೆ. 50,000 ಡಾಲರ್‌ವರೆಗಿನ ದಾವೆಗಳನ್ನು ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ (ಸಣ್ಣ ಮೊತ್ತದ ದಾವೆಗಳ ಕೋರ್ಟು) ಅವರೇ ನಡೆಸಬಹುದು. ಪರೀಕ್ಷೆಗೆ ಓದುವಾಗ ಜೀವನೋಪಾಯಕ್ಕೆ ಲಾ ಕ್ಲಾರ್ಕ್ ಕೆಲಸ ಹಿಡಿಯಿರಿ. ನಮ್ಮೂರ ಗುಮಾಸ್ತರಂತೆ ಅವರಿಗೆ ಲೈಸೆನ್ಸ್ ಬೇಡ, ಆದರೆ ಕಡತದ ಪ್ರತಿ ಹಾಳೆಯೂ ಅವರ ಕೈಯಲ್ಲಿ ಹಾದುಹೋಗುತ್ತದೆ.

ನಾನು ಹಾಗೆ ಕ್ಲಾರ್ಕ್ ಆಗಿದ್ದಾಗಲೇ ಒಂದು ತಪ್ಪು ಮಾಡಿದೆ. ಸುರತ್ಕಲ್ ಕಡೆಯ ಪರಿಚಿತರೊಬ್ಬರು ಊಟಕ್ಕೆ ಬಂದಿದ್ದರು. ಮನೆ ರಿಪೇರಿಗೆಂದು ಮುಂಗಡ ಪಡೆದವನು ಕೆಲಸ ಅರ್ಧಕ್ಕೆ ಬಿಟ್ಟಿದ್ದ; ದಾವೆ ಹೂಡಲು ಎಷ್ಟು ಸಮಯವಿದೆ ಎಂದು ಕೇಳಿದರು. ನಾನು ಮೀನುಸಾರು ಬಡಿಸುತ್ತಲೇ, “ಮೂರು ವರ್ಷವಿದೆ ಅಣ್ಣ, ಅವಸರವಿಲ್ಲ” ಎಂದೆ. ನಮ್ಮ 1963ರ ಕಾಲಮಿತಿ ಕಾಯ್ದೆ ಅಷ್ಟು ಬಾಯಿಪಾಠವಾಗಿತ್ತು. ಒಂಟಾರಿಯೊದ 2002ರ ಕಾಯ್ದೆಯಲ್ಲಿ, ನಷ್ಟ ತಿಳಿದ ದಿನದಿಂದ ಸಾಮಾನ್ಯವಾಗಿ ಎರಡೇ ವರ್ಷ. ಅವರು ವಕೀಲರ ಬಳಿ ಹೋಗುವಷ್ಟರಲ್ಲಿ ಎರಡು ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು. ನನ್ನನ್ನು ಅವರು ಒಂದು ಮಾತೂ ಬೈಯಲಿಲ್ಲ; ಮತ್ತೆ ನಮ್ಮಲ್ಲಿಗೆ ಊಟಕ್ಕೂ ಬರಲಿಲ್ಲ.

ಲೈಸೆನ್ಸ್ ಇಲ್ಲದೆ ಕಾನೂನು ಸಲಹೆ ಕೊಡುವಂತೆಯೇ ಇಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ಊರಿನವರು ಕೇಳಿದಾಗ ಇಲ್ಲವೆನ್ನುವುದು ಎಷ್ಟು ಕಷ್ಟವೆಂದು ನಿಮಗೆ ವಿವರಿಸಬೇಕಿಲ್ಲ. ಯುಗಾದಿ, ದೀಪಾವಳಿಯ ಕೂಟಗಳಲ್ಲಿ ನಿಮ್ಮನ್ನೂ ಕೇಳುತ್ತಾರೆ. ಅಹಂಕಾರಿ ಎನಿಸಿಕೊಂಡರೂ ಸರಿ, ನಾಳೆಯೇ ಲೈಸೆನ್ಸ್ ಇರುವವರನ್ನು ಕಾಣಿ ಎಂದಷ್ಟೇ ಹೇಳಿ.

ಹೊರಡುವ ಮುನ್ನ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ನೇರವಾಗಿ ಎನ್‌ಸಿಎಗೆ ಹೋಗುವಂತೆ ಅರ್ಜಿ ಹಾಕಿ. ಬೆಂಗಳೂರಿನ ವಕೀಲರ ಪರಿಷತ್ತಿನ ಪ್ರಮಾಣಪತ್ರಕ್ಕೂ ಈಗಲೇ ಓಡಾಡಿ. ಇಲ್ಲಿ ಕುಳಿತು ಆ ಕೆಲಸ ಮಾಡಿಸಲು ನನಗೆ ಒಂದು ವರ್ಷ ಹಿಡಿಯಿತು.