ಮುಚ್ಚಿದ ಬಾಗಿಲೊಳಗಿನ ‘ನಮ್ಮ ತಂದೆ’

ಪ್ರಶ್ನೆ: ಇಪ್ಪತ್ತು ವರ್ಷ ನಮ್ಮ ಚರ್ಚಿನ ಗಾನವೃಂದದಲ್ಲಿ ಹಾಡಿದವಳು ನಾನು. ಪಾಲನಾ ಸಮಿತಿಯ ಸಭೆಯಲ್ಲಿ ಖರ್ಚಿನ ಲೆಕ್ಕ ಕೇಳಿದೆನೆಂದು ಹಲವರು ನನ್ನೊಡನೆ ಮಾತು ಬಿಟ್ಟರು. ಎಂಟು ತಿಂಗಳಿಂದ ಭಾನುವಾರದ ಪೂಜೆಗೆ ಹೋಗಿಲ್ಲ. ಬೆಳಗಿನ ಐದಕ್ಕೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಜಪಸರ ಹಿಡಿಯುತ್ತೇನೆ. ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋಗುವ ನೆರೆಮನೆಯಾಕೆಯ ಮಗುವನ್ನು ಸಂಜೆಯವರೆಗೆ ನೋಡಿಕೊಳ್ಳುತ್ತೇನೆ. ಯೇಸು ಹಿಂದೆಂದಿಗಿಂತ ಹತ್ತಿರವಾಗಿದ್ದಾರೆ ಎನಿಸುತ್ತದೆ. ಪ್ರೀತಿಯೊಂದೇ ಸಾಲದೇ? ಸೆಪ್ಟೆಂಬರ್ 8ರಂದು ಹರಿಹರದ ಚರ್ಚಿನಲ್ಲಿ ನಡೆಯುವ ಆರೋಗ್ಯಮಾತೆ ಮೇರಿಯ ಹಬ್ಬಕ್ಕಾದರೂ ಹೋಗಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ದೂರವಾಗಿರುವುದು ಸಮಿತಿಯಿಂದಲೇ ಹೊರತು ಕ್ರಿಸ್ತರಿಂದಲ್ಲ. ಲೆಕ್ಕ ಕೇಳಿದ್ದು, ಅಂದಹಾಗೆ, ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ವಿಷಯವೇನೂ ಅಲ್ಲ.

ಬಾಗಿಲು ಮುಚ್ಚಿ ಪ್ರಾರ್ಥಿಸಿರೆಂಬ ಮಾತು ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿಯೇ ಇದೆ. ಆದರೆ ಅಲ್ಲಿಂದ ಮೂರೇ ವಚನ ಮುಂದೆ ಯೇಸು ಕಲಿಸಿದ ಜಪ ಆರಂಭವಾಗುವಾಗ, ಒಂಟಿಯಾಗಿ ಕುಳಿತವರ ಬಾಯಲ್ಲಿಯೂ ಬರುವುದು ‘ನಮ್ಮ ತಂದೆಯೇ’ ಎಂದು. ‘ನನ್ನ ತಂದೆಯೇ’ ಎಂದಲ್ಲ. ಆ ‘ನಮ್ಮ’ದೊಳಗೆ ನಿಮ್ಮೊಡನೆ ಮಾತು ಬಿಟ್ಟವರೂ ಸೇರಿದ್ದಾರೆ. ದೇವರು ಪ್ರೀತಿಸ್ವರೂಪಿ ಎನ್ನುವ ಯೊವಾನ್ನನ ಮೊದಲ ಪತ್ರದ 4ನೆಯ ಅಧ್ಯಾಯವೇ, ಸೋದರನನ್ನು ದ್ವೇಷಿಸುತ್ತ ದೇವರನ್ನು ಪ್ರೀತಿಸುತ್ತೇನೆನ್ನುವವನು ಸುಳ್ಳುಗಾರನೆಂದೂ ಹೇಳಿಬಿಡುತ್ತದೆ. ನೆರೆಮನೆಯ ಮಗುವಿಗೆ ನೀವು ಮಾಡುತ್ತಿರುವುದು ಸಣ್ಣ ಸೇವೆಯಲ್ಲ. ಆದರೆ ಆ ಮಗು ನಿಮ್ಮನ್ನು ನೋಯಿಸಿಲ್ಲ.

1897ರಲ್ಲಿ, 24ನೆಯ ವಯಸ್ಸಿಗೇ ತೀರಿಕೊಂಡ ಫ್ರಾನ್ಸಿನ ಲಿಸ್ಯೂ ಊರಿನ ಮಠದ ಕನ್ಯಾಸ್ತ್ರೀ ಸಂತ ತೆರೇಸ ಪ್ರೀತಿಯೇ ತಮಗೆ ಬಂದ ಕರೆಯೆಂದು ಬರೆದವರು. ಬಟ್ಟೆ ಒಗೆಯುವಾಗ ಎದುರಿನ ಕನ್ಯಾಸ್ತ್ರೀ ಕರವಸ್ತ್ರ ಒಗೆದಂತೆಲ್ಲ ಕೊಳೆನೀರು ಇವರ ಮುಖಕ್ಕೆ ಸಿಡಿಯುತ್ತಿತ್ತಂತೆ. ಹಿಂದೆ ಸರಿದು, ಆಕೆಗೆ ಕಾಣುವಂತೆ ಮುಖ ಒರೆಸಿಕೊಳ್ಳಬೇಕೆನಿಸಿದರೂ ಹಾಗೆ ಮಾಡದೆ ಅಲ್ಲಿಯೇ ನಿಂತುದನ್ನು ಅವರೇ ಬರೆದುಕೊಂಡಿದ್ದಾರೆ. ಇಂಥದ್ದಕ್ಕೆ ಒಗೆಯುವ ಕಲ್ಲಿನ ಆಚೆ ಇನ್ನೊಬ್ಬರು ಇರಲೇಬೇಕಲ್ಲವೇ?

ಹಾಗೆಂದು ಅವಮಾನವಾದ ಜಾಗಕ್ಕೇ ನಾಳೆ ಹೋಗಿ ನಿಲ್ಲಿರೆಂದು ನಾನು ಹೇಳಲಾರೆ. ಭಾನುವಾರದ ಬಲಿಪೂಜೆ ಕಥೋಲಿಕರಿಗೆ ಕಟ್ಟಳೆ ನಿಜ. ಆದರೆ ಅದನ್ನು ಸ್ವಂತ ಧರ್ಮಕೇಂದ್ರದಲ್ಲಿಯೇ, ಎಂದರೆ ತಮ್ಮ ಊರಿನ ಚರ್ಚಿನಲ್ಲಿಯೇ, ಪೂರೈಸಬೇಕೆಂಬ ಕಟ್ಟಳೆಯಿಲ್ಲ. ಹರಿಹರಕ್ಕೆ ಬಸ್ಸುಗಳಿಗೇನು ಬರವೇ? ಹಬ್ಬದವರೆಗೆ ಕಾಯದೆ ಈ ಭಾನುವಾರವೇ ಹೋಗಿಬನ್ನಿ. ಹಬ್ಬಕ್ಕೂ ಹೋಗಿ. ಆ ಜನಜಂಗುಳಿಯಲ್ಲಿ ನಿಮ್ಮ ವೃಂದದವರು ಯಾರಾದರೂ ಎದುರಾದರೆ, ಅಂದು ಲೆಕ್ಕದ ಮಾತು ಬೇಡ. ಊಟವಾಯಿತೇ ಎಂದು ಕೇಳಿ ನೋಡಿ.