ಡಿಲೀಟ್ ಟೂಲ್‌ನ ವಿವರಣೆಯಲ್ಲಿ ‘ಎಚ್ಚರಿಕೆ’ ಎಂದು ಬರೆದರೆ ಸಾಕೇ?

ಗ್ರಾಹಕರ ದಾಖಲೆ ಅಳಿಸುವ ಟೂಲ್ ಒಂದನ್ನು ಎಐ ಏಜೆಂಟ್‌ನ (ಹೇಳಿದ ಕೆಲಸವನ್ನು ಟೂಲ್‌ಗಳ ಮೂಲಕ ತಾನೇ ಮಾಡುವ ತಂತ್ರಾಂಶದ) ಕೈಗೆ ಕೊಡುತ್ತಿದ್ದೇವೆ, ಅದು ಓದುವ ವಿವರಣೆಯಲ್ಲಿ ‘ಎಚ್ಚರಿಕೆ’ ಎಂದು ಬರೆದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಜಯನಗರದ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇಂಥ ವಿವರಣೆಗಳನ್ನು ಬರೆಯುವುದೇ ನನ್ನ ಕೆಲಸ. ಆ ‘ಎಚ್ಚರಿಕೆ’ಯನ್ನು ನಾನೂ ಬರೆದು ಕೈ ಸುಟ್ಟುಕೊಂಡಿದ್ದೇನೆ.

ನಮ್ಮದು ಅಪಾರ್ಟ್‌ಮೆಂಟ್ ಸಂಘಗಳ ಲೆಕ್ಕ ನೋಡುವ ತಂತ್ರಾಂಶ. ನಿರ್ವಹಣಾ ಶುಲ್ಕ, ನೀರಿನ ಟ್ಯಾಂಕರ್‌ನ ಪಾಲು, ರಸೀದಿ, ದೂರು ಎಲ್ಲವೂ ಅದರಲ್ಲಿವೆ. ಒಂದು ಸಂಘದ ಮ್ಯಾನೇಜರ್ ಏಜೆಂಟ್‌ಗೆ ಕನ್ನಡದಲ್ಲೇ ಟೈಪ್ ಮಾಡಿದರು: “ಬಿ-304ರ ರೆಕಾರ್ಡ್ ತೆಗೆಯಿರಿ.” ಅವರು ಹೇಳಿದ್ದು ಬಾಗಿಲು ತೆಗೆಯುವ ಅರ್ಥದಲ್ಲಿ. ಏಜೆಂಟ್‌ಗೆ ಅರ್ಥವಾದದ್ದು ಪಟ್ಟಿಯಿಂದ ಹೆಸರು ತೆಗೆಯುವುದು ಎಂದು. ಮನೆಯ ದಾಖಲೆ ಹೋಯಿತು. ಡೇಟಾಬೇಸ್‌ನಲ್ಲಿ ‘ಆನ್ ಡಿಲೀಟ್ ಕ್ಯಾಸ್ಕೇಡ್’ (ಮೂಲ ದಾಖಲೆ ಅಳಿದರೆ ಅದಕ್ಕೆ ಜೋಡಿಸಿದವೂ ಅಳಿಯಲಿ ಎಂಬ ನಿಯಮ) ಹಾಕಿದ್ದರಿಂದ ಮೂರು ವರ್ಷಗಳ ರಸೀದಿಗಳೂ ಅದರ ಹಿಂದೆಯೇ ಹೋದವು. ರಾತ್ರಿಯ ಬ್ಯಾಕಪ್ ಇದ್ದುದರಿಂದ ಬಚಾವಾದೆವು. ಆ ಮನೆಯವರು ಅಂದು ಬೆಳಗ್ಗೆ ಕಟ್ಟಿದ್ದ ಹಣದ ರಸೀದಿಯೊಂದನ್ನು ಮಾತ್ರ ಕೈಯಾರೆ ಸೇರಿಸಬೇಕಾಯಿತು. ಅದರ ನಕಲು ಕೇಳಲು ಹೋದ ಮ್ಯಾನೇಜರ್‌ಗೆ ಆ ಮನೆಯ ಅಜ್ಜಿ “ನಾವು ಕಟ್ಟಿಲ್ಲ ಎನ್ನುತ್ತಿದ್ದೀರಾ?” ಎಂದು ಬೆವರಿಳಿಸಿದ್ದರಂತೆ.

ಆಗ ನಮ್ಮ ವಿವರಣೆ ಇದ್ದದ್ದು ಇಷ್ಟು: “ನಿವಾಸಿಯ ದಾಖಲೆಯನ್ನು ಅಳಿಸುತ್ತದೆ. ಎಚ್ಚರಿಕೆಯಿಂದ ಬಳಸಿ.” ಎಚ್ಚರಿಕೆಯಿಂದ ಎಂದರೆ ಏನು ಮಾಡಬೇಕು? ಹೊಸ ಗುಮಾಸ್ತನಾದರೆ ಪಕ್ಕದ ಮೇಜಿನವರನ್ನು ಕೇಳುತ್ತಾನೆ. ಏಜೆಂಟ್‌ಗೆ ಪಕ್ಕದ ಮೇಜೇ ಇಲ್ಲ. ಟೂಲ್ ಬಗ್ಗೆ ಅದಕ್ಕೆ ತಿಳಿಯುವುದು ಹೆಸರು, ವಿವರಣೆ, ತುಂಬಬೇಕಾದ ಮೌಲ್ಯಗಳು, ಇಷ್ಟೇ.

ಈಗ ಹೀಗೆ ಬರೆದಿದ್ದೇವೆ: “ಒಂದು ಮನೆಯ ದಾಖಲೆಯನ್ನೂ ಅದರ ಎಲ್ಲ ರಸೀದಿ, ಬಾಕಿ, ದೂರುಗಳನ್ನೂ ಶಾಶ್ವತವಾಗಿ ಅಳಿಸುತ್ತದೆ. ಯಾವ ಟೂಲ್‌ನಿಂದಲೂ ಮರಳಿ ತರಲಾಗದು. ಬಾಡಿಗೆದಾರರು ಮನೆ ಖಾಲಿ ಮಾಡಿದ್ದರೆ ಇದನ್ನಲ್ಲ, ‘ನಿಷ್ಕ್ರಿಯಗೊಳಿಸು’ ಟೂಲ್ ಬಳಸಿ. ಬಳಕೆದಾರರು ‘ತೆಗೆಯಿರಿ’ ಎಂದಷ್ಟೇ ಹೇಳಿದ್ದರೆ, ತೆರೆಯಬೇಕೋ ಅಳಿಸಬೇಕೋ ಕೇಳಿ. ಮನೆ ಸಂಖ್ಯೆಯನ್ನು ಊಹಿಸಬೇಡಿ.” ಇದರಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಮೂರನೆಯ ವಾಕ್ಯ. ಬೇಡ ಎಂದಷ್ಟೇ ಹೇಳಿದಾಗ ಏಜೆಂಟ್ ಅಡ್ಡದಾರಿ ಹುಡುಕುತ್ತಿತ್ತು. ಬೇರೆ ದಾರಿ ತೋರಿಸಿದ ಮೇಲೆ ಅತ್ತ ಹೋಗುತ್ತಿದೆ. ದೋಷಸಂದೇಶವನ್ನೂ ವಿವರಣೆಯಷ್ಟೇ ಜೋಪಾನವಾಗಿ ಬರೆಯಿರಿ. ‘ವಿಫಲ’ ಎಂಬ ಒಂದೇ ಪದ ಕಂಡರೆ ಏಜೆಂಟ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಎಂಸಿಪಿಯನ್ನು (ಎಐಗೆ ಟೂಲ್‌ಗಳನ್ನು ಜೋಡಿಸುವ ಮಾನದಂಡವನ್ನು) ನೀವು ಬಳಸುತ್ತಿದ್ದರೆ, ಟೂಲ್ ಡೇಟಾವನ್ನು ಹಾಳುಮಾಡಬಲ್ಲದು ಎಂದು ತಿಳಿಸುವ ‘ಡಿಸ್ಟ್ರಕ್ಟಿವ್‌ಹಿಂಟ್’ ಎಂಬ ಗುರುತು ಅದರಲ್ಲಿದೆ. ಓದಲು ಮಾತ್ರ ಎಂದು ಗುರುತಿಸದ ಟೂಲ್‌ನಲ್ಲಿ ನೀವು ಏನೂ ಹೇಳದಿದ್ದರೆ ಅದು ‘ಹೌದು’ ಎಂದೇ ಲೆಕ್ಕ. ಆದರೂ ಬಾಯಿಬಿಟ್ಟು ಬರೆಯಿರಿ. ಹಿಂಟ್ ಎಂದರೆ ಸುಳಿವು, ಬೀಗವಲ್ಲ.

ಬೀಗ ಇರಬೇಕಾದದ್ದು ಸರ್ವರ್‌ನಲ್ಲಿ. ನಾವು ಟೂಲ್ ಅನ್ನೇ ಎರಡಾಗಿ ಸೀಳಿದೆವು. ಮೊದಲನೆಯದು ‘1 ಮನೆ, 37 ರಸೀದಿ, 4 ದೂರು ಅಳಿಯುತ್ತವೆ’ ಎಂದು ಎಣಿಸಿ ಪರದೆಯ ಮೇಲಿಡುತ್ತದೆ. ಎರಡನೆಯದು ಮನುಷ್ಯರು ಗುಂಡಿ ಒತ್ತಿದ ಮೇಲಷ್ಟೇ ಅಳಿಸುತ್ತದೆ. ಇದೆಲ್ಲ ಯಂತ್ರದ ಮೇಲಿನ ಅಪನಂಬಿಕೆ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ತಪ್ಪು ಸರ್ವರ್‌ನ ಡೇಟಾ ಅಳಿಸಿದ್ದು ಮನುಷ್ಯರೇ. ಸುಮಾರು 6 ಗಂಟೆಗಳ ಡೇಟಾ ಮರಳಿ ಸಿಗಲೇ ಇಲ್ಲ. ಯಾವ ಸಾಲುಗಳನ್ನು ಅಳಿಸಬೇಕೆಂದು ಹೇಳುವ ‘ವೇರ್’ ಮರೆತ ಡಿಲೀಟ್ ಅನ್ನು ತಡೆಯುವ, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಕ್ಲೈಂಟ್‌ನ ಆಯ್ಕೆಗಂತೂ ‘ಐ-ಆ್ಯಮ್-ಎ-ಡಮ್ಮಿ’ (ನಾನೊಬ್ಬ ದಡ್ಡ) ಎಂಬ ಅಡ್ಡಹೆಸರೇ ಇದೆ.

ಬರೆದ ಮೇಲೆ ಪರೀಕ್ಷಾ ಡೇಟಾಬೇಸ್‌ನಲ್ಲಿ ನಿಮ್ಮ ಬಳಕೆದಾರರ ಮಾತುಗಳನ್ನೇ ಕೊಟ್ಟು ನೋಡಿ: ತೆಗೆಯಿರಿ, ಮುಗಿಸಿ, ಬಿಟ್ಟುಬಿಡಿ. ಕಳೆದ ತಿಂಗಳು ಒಬ್ಬರು “ಎ-102ರ ಬಾಕಿ ಕ್ಲಿಯರ್ ಮಾಡಿ” ಎಂದಾಗ ನಮ್ಮ ಏಜೆಂಟ್ ಆ ಮನೆಯನ್ನೇ ಕ್ಲಿಯರ್ ಮಾಡಲು ಹೊರಟು, ಎಣಿಕೆಯ ಪರದೆಯ ಮುಂದೆ ಬಂದು ನಿಂತಿತ್ತು.