ಸ್ಟೀಮ್ ಡೆಕ್‌ನಲ್ಲಿ ಸೋನಿಕ್ 3 ಎ.ಐ.ಆರ್. ಹಾಕಿದ್ರೆ ರೋಮ್ ಸಿಗ್ತಿಲ್ಲ ಅಂತ ಬರುತ್ತೆ, ಬಟನ್ನೂ ಕೆಲಸ ಮಾಡಲ್ಲ, ಏನ್ ಮಾಡೋದು?

ನಿಮ್ ಡೆಕ್, ಅಂದ್ರೆ ಕೈಲಿ ಹಿಡಿದು ಆಡೋ ಆ ಲಿನಕ್ಸ್ ಗೇಮಿಂಗ್ ಕಂಪ್ಯೂಟರ್, ಸರಿಯಾಗೇ ಇದೆ, ರೋಮ್ ಫೈಲ್, ಅಂದ್ರೆ ಹಳೇ ಕಾರ್ಟ್ರಿಡ್ಜ್‌ನಲ್ಲಿದ್ದ ಗೇಮಿನ ಕಾಪಿ, ಅದನ್ನ ನೋಡಿ ಮೊದ್ಲು. ಈ ಎ.ಐ.ಆರ್. ಅನ್ನೋದು, ಅಂದ್ರೆ ಏಂಜಲ್ ಐಲ್ಯಾಂಡ್ ರಿವಿಸಿಟೆಡ್, ಫ್ಯಾನ್ಸ್ ಫ್ರೀಯಾಗಿ ಕೊಡ್ತಿರೋ ರೀಮೇಕ್, ಅದ್ರೊಳಗೆ ಸೇಗಾದ ಮೂಲ ಗೇಮ್ ಇರಲ್ಲ, ಅದನ್ನ ನಾವೇ ತಂದಿಡಬೇಕು. ಅದೂ ಬರೀ ಸೋನಿಕ್ 3 ಸಾಕಾಗಲ್ಲ. 1994ರಲ್ಲಿ ಟೈಮ್ ಸಾಲದೆ, ಕಾರ್ಟ್ರಿಡ್ಜ್ ಖರ್ಚೂ ಜಾಸ್ತಿಯಾಗಿ ಒಂದೇ ಗೇಮನ್ನ ಎರಡು ಭಾಗ ಮಾಡಿ ಬಿಟ್ರು, ಸೋನಿಕ್ & ನಕಲ್ಸ್ ಕಾರ್ಟ್ರಿಡ್ಜ್ ಮೇಲೆ ಸೋನಿಕ್ 3 ಸಿಕ್ಕಿಸಿದ್ರೆ ಮಾತ್ರ ಪೂರ್ತಿ ಗೇಮ್ ಆಗ್ತಿತ್ತು, ಎ.ಐ.ಆರ್. ಕೇಳೋದು ಹಾಗೆ ಸೇರಿದ ಆ ಒಂದೇ ಫೈಲು.

ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸೇಗಾದ ಆ ಮೂಲ ಗೇಮ್ ನೀವು ಹಿಂದೆ ತಗೊಂಡಿದ್ರೆ ಅದನ್ನ ಇನ್‌ಸ್ಟಾಲ್ ಮಾಡಿ, ಸ್ಟೀಮ್ಆ್ಯಪ್ಸ್ ಒಳಗೆ ಕಾಮನ್, ಅದ್ರೊಳಗೆ ಸೇಗಾ ಕ್ಲಾಸಿಕ್ಸ್, ಅಲ್ಲಿ ಅನ್‌ಕಂಪ್ರೆಸ್ಡ್ ರೋಮ್ಸ್ ಅಂತ ಫೋಲ್ಡರ್ ಇರುತ್ತೆ, ಬೇಕಾದ ಫೈಲ್ ಅಲ್ಲೇ ಸಿಗುತ್ತೆ. ಸ್ವಂತ ಕಾರ್ಟ್ರಿಡ್ಜ್ ಡಂಪ್ ಮಾಡಿದೋರಿಗೆ, ಅಂದ್ರೆ ಅದರಿಂದ ಗೇಮನ್ನ ಫೈಲಾಗಿ ಕಾಪಿ ಮಾಡಿಕೊಂಡೋರಿಗೆ, ಎರಡು ಫೈಲ್ ಇರುತ್ತೆ, ಒಂದೊಂದು 2 ಎಂಬಿ, ಟರ್ಮಿನಲ್‌ನಲ್ಲಿ ಕ್ಯಾಟ್ ಕಮಾಂಡ್ ಹಾಕಿ ಸೇರಿಸಬಹುದು, ಆದ್ರೆ ನಕಲ್ಸ್ ಮೊದ್ಲು, ಸೋನಿಕ್ 3 ಆಮೇಲೆ, ಉಲ್ಟಾ ಮಾಡಿದ್ರೆ ಒಪ್ಪಲ್ಲ. ಕೊನೆಗೆ ಸೈಜ್ ಕರೆಕ್ಟಾಗಿ 41,94,304 ಬೈಟ್ ಬರಬೇಕು. ಒಂದು ಬೈಟ್ ಹೆಚ್ಚುಕಮ್ಮಿ ಇದ್ರೂ ಆ ಫೈಲ್ ಬಿಟ್ಬಿಡಿ.

ನನಗೆ ಒಂದು ಸಂಜೆ ಪೂರ್ತಿ ತಿಂದಿದ್ದು ಹೆಸರು. ಫೈಲ್ ಸರಿ ಇತ್ತು, ಜಾಗ ಸರಿ ಇತ್ತು, ಆದ್ರೂ ಅದೇ ಮೆಸೇಜ್. ನೋಡಿದ್ರೆ ನಾನು ಎಲ್ಲಾ ಸ್ಮಾಲ್ ಲೆಟರ್‌ನಲ್ಲಿ ಸೇವ್ ಮಾಡಿದ್ದೆ. ವಿಂಡೋಸ್‌ನಲ್ಲಾದ್ರೆ ನಡೆಯುತ್ತೆ, ಲಿನಕ್ಸ್‌ಗೆ ದೊಡ್ಡ ಎಸ್ ಬೇರೆ ಚಿಕ್ಕ ಎಸ್ ಬೇರೆ. ಹೆಸರು ಹೀಗಿರಬೇಕು: ಸೋನಿಕ್, ಅಂಡರ್‌ಸ್ಕೋರ್, ನಕಲ್ಸ್, ಅಂಡರ್‌ಸ್ಕೋರ್, ಡಬ್ಲ್ಯೂಸೋನಿಕ್3, ಡಾಟ್ ಬಿನ್. ಸೋನಿಕ್ ಎರಡು ಸಲ ಬರುತ್ತಲ್ಲ, ಎರಡರ ಎಸ್ಸೂ ಕ್ಯಾಪಿಟಲ್, ನಕಲ್ಸ್‌ನ ಕೆ ಕ್ಯಾಪಿಟಲ್, ಮಧ್ಯದ ಡಬ್ಲ್ಯೂ ಸ್ಮಾಲ್. ಗೇಮ್ ಫೈಲ್ ಪಕ್ಕದಲ್ಲೇ ಇಡಿ.

ಎ.ಐ.ಆರ್.ನ ಲಿನಕ್ಸ್ ಬಿಲ್ಡನ್ನೇ, ಅಂದ್ರೆ ಲಿನಕ್ಸ್‌ಗೆ ಅಂತ ಮಾಡಿದ ಆವೃತ್ತಿಯನ್ನೇ ತಗೊಳ್ಳಿ, ಡೆಕ್ ಪ್ರೊಸೆಸರ್ ಮಾಮೂಲಿ ಪಿಸಿ ಥರ ಎಕ್ಸ್86 ಆದ್ರಿಂದ ನೇರವಾಗಿ ಓಡುತ್ತೆ, ವಿಂಡೋಸ್‌ದು ತಂದು ಪ್ರೋಟಾನ್ (ವಿಂಡೋಸ್ ಗೇಮನ್ನ ಲಿನಕ್ಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಮೇಲೆ ಓಡಿಸೋ ಅಗತ್ಯ ನನಗೇನೂ ಕಾಣಲ್ಲ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಹೋಮ್ ಫೋಲ್ಡರ್‌ನಲ್ಲೇ ಎಕ್ಸ್‌ಟ್ರಾಕ್ಟ್ ಮಾಡಿ, ಗೇಮ್ ಫೈಲ್ ಪ್ರಾಪರ್ಟೀಸ್‌ನಲ್ಲಿ ಎಕ್ಸಿಕ್ಯೂಟಬಲ್ ಟಿಕ್ ಇದ್ಯಾ ನೋಡಿ. ಬೇರೆ ಕೆಲವು ಚಿಕ್ಕ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಫೋನ್‌ನಲ್ಲಿರೋ ಥರ ಎಆರ್‌ಎಂ ಚಿಪ್ ಇರುತ್ತೆ, ಅಲ್ಲಿ ಈ ಬಿಲ್ಡ್ ಓಡೋದೇ ಇಲ್ಲ, ಇದನ್ನ ಓದ್ತಿರೋ ಬೇರೆಯವರಿಗೆ ಹೇಳ್ತಿದೀನಿ.

ಇನ್ನು ಬಟನ್. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಡೆಕ್ ಕಂಟ್ರೋಲರ್ ಮೌಸ್, ಕೀಬೋರ್ಡ್ ಥರ ಆಡುತ್ತೆ, ಅದಕ್ಕೇ ಒತ್ತಿದ್ರೂ ಏನೂ ಆಗ್ತಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಆ್ಯಡ್ ಟು ಸ್ಟೀಮ್ ಕೊಡಿ, ಗೇಮ್ ಮೋಡ್‌ಗೆ ವಾಪಸ್ ಬಂದು ಅಲ್ಲಿಂದ ಓಪನ್ ಮಾಡಿ, ಕಂಟ್ರೋಲರ್ ಲೇಔಟ್ ಗೇಮ್‌ಪ್ಯಾಡ್ ಅಂತ ಇಡಿ.

ಓಪನ್ ಆದ್ಮೇಲೆ ಡಿಸ್‌ಪ್ಲೇ ಆಪ್ಷನ್‌ನಲ್ಲಿ ಇಂಟಿಜರ್ ಸ್ಕೇಲ್ (ಚಿತ್ರಾನ ಎರಡು, ಮೂರು ಹೀಗೆ ಪೂರ್ಣ ಪಟ್ಟು ಮಾತ್ರ ದೊಡ್ಡದು ಮಾಡೋದು) ಒಂದ್ಸಲ ಹಾಕಿ ನೋಡಿ ದಯವಿಟ್ಟು. ಎ.ಐ.ಆರ್. ಚಿತ್ರ 400 ಬೈ 224, ಮೂರು ಪಟ್ಟು ಮಾಡಿದ್ರೆ 1200 ಬೈ 672, ಡೆಕ್ ಸ್ಕ್ರೀನ್ 1280 ಬೈ 800, ಅಂದ್ರೆ ಸುತ್ತ ಸ್ವಲ್ಪ ಕಪ್ಪು ಪಟ್ಟಿ ಉಳಿಯುತ್ತೆ, ಆದ್ರೆ ಒಂದೊಂದು ಪಿಕ್ಸೆಲ್ಲೂ ಕಟ್ಟಿಟ್ಟ ಹಾಗೆ ಚೌಕವಾಗಿ ಕಾಣುತ್ತೆ. ಗೇಮಿನ ಮೊದಲ ಹಂತ ಏಂಜಲ್ ಐಲ್ಯಾಂಡ್‌ನಲ್ಲಿ ಕಾಡಿಗೆ ಬೆಂಕಿ ಬೀಳೋ ಜಾಗ ಇದ್ಯಲ್ಲ, ಅದನ್ನ ಹಾಗೆ ನೋಡಿದ್ಮೇಲೆ ನಾನು ಬೇರೆ ಸೆಟ್ಟಿಂಗ್‌ಗೆ ಹೋಗಿಲ್ಲ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಹೆಚ್ ಒತ್ತಿ, ಅಡಗಿರೋ ಫೋಲ್ಡರ್‌ಗಳು ಕಾಣುತ್ತೆ, ಡಾಟ್ ಲೋಕಲ್, ಅದ್ರಲ್ಲಿ ಶೇರ್, ಅದ್ರಲ್ಲಿ ಸೋನಿಕ್3ಎಐಆರ್ ಅಂತ ಫೋಲ್ಡರ್ ಇದೆ, ಅಲ್ಲಿರೋ ಲಾಗ್‌ಫೈಲ್‌ನ ಕೊನೇ ಹತ್ತು ಸಾಲು ಇಲ್ಲಿ ಹಾಕಿ, ನೋಡ್ತೀನಿ.